ಬ್ಯಾಂಕು ಅಂದರೆ ಯಾವ ಬ್ಯಾಂಕು?

ನನ್ನ ಸೋದರತ್ತೆ ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ. ಎಪ್ಪತ್ತು ದಾಟಿದೆ. ದಿನಾ ಪೇಪರ್ ಓದುತ್ತಾರೆ, ಸಂಜೆಯ ವಾರ್ತೆ ತಪ್ಪಿಸುವುದಿಲ್ಲ. ಹೋದ ಸಲ ಊರಿಗೆ ಹೋದಾಗ ಕೇಳಿದರು: "ಅಲ್ಲ ಕಣಪ್ಪ, ಆ ವೆಸ್ಟ್ ಬ್ಯಾಂಕು ಅಂತಾರಲ್ಲ. ಒಂದು ಬ್ಯಾಂಕಿಗೋಸ್ಕರ ಅಷ್ಟು ವರ್ಷದಿಂದ ಯಾಕೆ ಹೊಡೆದಾಡ್ತಾ ಇದಾರೆ? ಅಷ್ಟೊಂದು ದುಡ್ಡಿದ್ಯಾ ಅಲ್ಲಿ?"

ನನಗೆ ನಗು ಬರಲಿಲ್ಲ. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅವರಿಗೆ ಗೊತ್ತಿರುವ ಬ್ಯಾಂಕು ಒಂದೇ, ಪಿಂಚಣಿ ಬರುವ ಬ್ಯಾಂಕು. ಆ ಪದಕ್ಕೆ ಇನ್ನೊಂದು ಅರ್ಥ ಇದೆ ಅಂತ ಕನ್ನಡದಲ್ಲಿ ಅವರಿಗೆ ಯಾರೂ ಹೇಳಿಲ್ಲ. ಸುದ್ದಿ ಬರೆದವರು ಇಂಗ್ಲಿಷ್ ಹೆಸರನ್ನು ಹಾಗೇ ಕನ್ನಡ ಅಕ್ಷರದಲ್ಲಿ ಇಳಿಸಿದ್ದರು. ಅಕ್ಷರ ಕನ್ನಡವಾಯಿತು, ಅರ್ಥ ಆಗಲಿಲ್ಲ.

ವೆಸ್ಟ್ ಬ್ಯಾಂಕ್ ಅಂದರೆ ಜೋರ್ಡನ್ ನದಿಯ ಪಶ್ಚಿಮ ದಂಡೆ. 1948ರ ಯುದ್ಧದಲ್ಲಿ ನದಿಯ ಪೂರ್ವಕ್ಕಿದ್ದ ಜೋರ್ಡನ್ ರಾಜ್ಯ ಈ ಕಡೆಯ ನೆಲವನ್ನೂ ಹಿಡಿಯಿತು. 1950ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಆಗ ಒಂದೇ ರಾಜ್ಯಕ್ಕೆ ನದಿಯ ಎರಡೂ ಬದಿ ಸಿಕ್ಕಿತು. ಆಚೆಯದು ಪೂರ್ವ ದಂಡೆ, ಈಚೆಯದು ಪಶ್ಚಿಮ ದಂಡೆ. 1967ರ ಯುದ್ಧದಲ್ಲಿ ಇಸ್ರೇಲ್ ಇದನ್ನು ವಶಪಡಿಸಿಕೊಂಡಿತು, ಹೆಸರು ಮಾತ್ರ ಉಳಿಯಿತು. ಅಲ್ಲಿನವರು ಅರಬ್ಬಿಯಲ್ಲಿ ಕರೆಯುವುದು ಅದ್ದಿಫ್ಫಾ ಅಲ್ ಗರ್ಬಿಯ್ಯಾ. ದಿಫ್ಫಾ ಅಂದರೆ ನದಿಯ ದಡ. ಫ್ರೆಂಚರು ಸಿಸ್‌ಜೋರ್ಡಾನಿ ಅನ್ನುತ್ತಾರೆ, ಅಂದರೆ ಜೋರ್ಡನ್ನಿನ ಈಚೆ ಬದಿ. ಜರ್ಮನರು ಪಶ್ಚಿಮ ಜೋರ್ಡನ್ ನಾಡು ಅಂತ ತಮ್ಮ ಮಾತಿನಲ್ಲೇ ಹೇಳಿಕೊಂಡರು. ಯಾರೂ ಇಂಗ್ಲಿಷಿನ ಸದ್ದನ್ನು ಹಿಡಿದು ಕೂತಿಲ್ಲ.

ನಮಗೆ ಪದ ಇಲ್ಲದೆ ಹೀಗಾಗಿದ್ದರೆ ಮಾತು ಬೇರೆ. ಪದ ಇದೆ, ಅದೂ ರೈತರ ಬಾಯಲ್ಲಿ ಸವೆದ ಪದ. ಹೇಮಾವತಿ ಎಡದಂಡೆ ನಾಲೆ, ತುಂಗಭದ್ರಾ ಎಡದಂಡೆ ಕಾಲುವೆ, ನಾರಾಯಣಪುರ ಬಲದಂಡೆ ಕಾಲುವೆ. ನೀರಾವರಿ ಇಲಾಖೆಯ ಇಂಗ್ಲಿಷ್ ಕಡತದಲ್ಲಿ ಇವೆಲ್ಲ ಲೆಫ್ಟ್ ಬ್ಯಾಂಕ್, ರೈಟ್ ಬ್ಯಾಂಕ್. ಆದರೆ ಕಾಲುವೆಯ ಕೊನೆಯಲ್ಲಿ ನೀರಿಗೆ ಕಾಯುವ ರೈತ "ಎಡದಂಡೆಗೆ ನೀರು ಬಿಟ್ರಾ?" ಅಂತಲೇ ಕೇಳುತ್ತಾನೆ. ನೀರು ಹರಿಯುವ ಕಡೆಗೆ ಮುಖ ಮಾಡಿ ನಿಂತರೆ ಎಡಗೈ ಕಡೆಯದು ಎಡದಂಡೆ, ಬಲಗೈ ಕಡೆಯದು ಬಲದಂಡೆ. ಜೋರ್ಡನ್ ನದಿ ಉತ್ತರದ ಗಲಿಲಾಯ ಸರೋವರದಿಂದ ದಕ್ಷಿಣದ ಮೃತ ಸಮುದ್ರಕ್ಕೆ ಹರಿಯುತ್ತದೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ವೆಸ್ಟ್ ಬ್ಯಾಂಕ್ ಅನ್ನುವುದು ಜೋರ್ಡನ್ನಿನ ಬಲದಂಡೆ. ಇಷ್ಟು ಹೇಳಿದ್ದರೆ ಅತ್ತೆಗೆ ಆ ನೆಲದ ನಕ್ಷೆಯೇ ಕಣ್ಣೆದುರು ಬರುತ್ತಿತ್ತು.

ಕೆಲವು ಕನ್ನಡ ಪತ್ರಿಕೆಗಳು ಪಶ್ಚಿಮ ದಂಡೆ ಅಂತಲೇ ಬರೆಯುತ್ತವೆ. ಒಮ್ಮೊಮ್ಮೆ ಒಂದೇ ಸುದ್ದಿಮನೆಯಲ್ಲಿ ಎರಡೂ ಬಳಕೆ ಕಾಣುತ್ತದೆ. ಈ ಗೊಂದಲ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಆ ಇಂಗ್ಲಿಷ್ ಪದವನ್ನೇ ಸ್ವಲ್ಪ ಬಿಚ್ಚಿ ನೋಡಬೇಕು.

ಇಂಗ್ಲಿಷ್ ನಿಘಂಟಿನಲ್ಲಿ ಬ್ಯಾಂಕ್ ಒಂದೇ ಪದ ಅಲ್ಲ. ನದಿಯ ಬ್ಯಾಂಕಿಗೆ ಒಂದು ನಮೂದು, ಹಣದ ಬ್ಯಾಂಕಿಗೆ ಇನ್ನೊಂದು, ಸ್ವಿಚ್ಚುಗಳ ಹಾಗೆ ಸಾಲಾಗಿ ಜೋಡಿಸಿದ ವಸ್ತುಗಳಿಗೆ ಮತ್ತೊಂದು. ಬರವಣಿಗೆ ಒಂದೇ, ಉಚ್ಚಾರ ಒಂದೇ, ಆದರೆ ಬಂದ ದಾರಿ ಬೇರೆ ಬೇರೆ.

ಎಲ್ಲದರ ಬೇರು ಹಳೆಯ ಜರ್ಮಾನಿಕ್ ಭಾಷೆಗಳಲ್ಲಿದೆ, ಅಂದರೆ ಇಂಗ್ಲಿಷ್, ಜರ್ಮನ್‌ಗಳೆಲ್ಲ ಹುಟ್ಟಿದ ಮನೆತನದಲ್ಲಿ. ನೆಲದಿಂದ ಎದ್ದು ನಿಂತದ್ದು, ದಿಬ್ಬ, ಕೂರುವ ಹಲಗೆ, ಇಂಥ ಅರ್ಥಗಳ ಸುತ್ತ ಹುಟ್ಟಿದ ಕುಟುಂಬ ಇದು. ಅದರ ಒಬ್ಬ ಮಗ ಇಂಗ್ಲೆಂಡಿನಲ್ಲೇ ಉಳಿದ. ಅವನೇ ಬೆಂಚು. ಹಳೆಯ ಇಂಗ್ಲಿಷಿನಲ್ಲಿ ಬೆಂಕ್‌ನಂತೆ ಇದ್ದದ್ದು ಬೆಂಚ್ ಆಯಿತು. ಇ, ಎ ಸ್ವರಗಳ ಪಕ್ಕ ಕ ಎಂಬುದು ಚ ಆಗುವುದು ನಮಗೆ ಹೊಸದಲ್ಲ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು, ನಮ್ಮ ಕಿವಿ ತಮಿಳಿನಲ್ಲಿ ಚೆವಿ. ಬ್ಯಾಂಕಿಗೂ ಬೆಂಚಿಗೂ ಇರುವ ನಂಟು ಹೆಚ್ಚುಕಡಿಮೆ ಅಂಥದ್ದೇ.

ಎರಡನೆಯವನು ಹಡಗು ಹತ್ತಿ ಬಂದ. ಡೆನ್ಮಾರ್ಕ್, ನಾರ್ವೆ ಕಡೆಯ ಜನ ಇಂಗ್ಲೆಂಡಿಗೆ ಬಂದು ನೆಲೆಸಿದಾಗ ಅವರ ಮಾತಿನಿಂದ ದಿಬ್ಬ ಅನ್ನುವ ಅರ್ಥದ ಬ್ಯಾಂಕ್ ಇಂಗ್ಲಿಷಿಗೆ ಸೇರಿತು. ಸುಮಾರು 1200ರ ಹೊತ್ತಿಗೆ ಬರಹದಲ್ಲಿ ಕಾಣಿಸುತ್ತದೆ. ನದಿಯ ಪಕ್ಕ ಎದ್ದಿರುವ ದಿಬ್ಬ ನದಿಯ ಬ್ಯಾಂಕ್ ಆಯಿತು. ಮೋಡ ಗುಡ್ಡೆಗಟ್ಟಿದರೆ ಅದೂ ಬ್ಯಾಂಕ್. ವಿಮಾನ ತಿರುಗುವಾಗ ಒಂದು ರೆಕ್ಕೆ ಮೇಲೇರಿ ಇಳಿಜಾರಿನಂತೆ ವಾಲುತ್ತದಲ್ಲ, ಪೈಲಟ್‌ಗಳ ಮಾತಿನಲ್ಲಿ ಅದೂ ಬ್ಯಾಂಕ್ ಮಾಡುವುದೇ. ಇದೇ ಬೇರಿನ ಇನ್ನೊಂದು ಬಳಕೆ ನನಗೆ ತುಂಬ ಇಷ್ಟ. ರಾತ್ರಿ ಬೆಂಕಿ ಆರಿಹೋಗದಂತೆ ಕೆಂಡವನ್ನು ಒಟ್ಟುಮಾಡಿ ಮೇಲೆ ಬೂದಿ ಮುಚ್ಚಿಡುವುದಕ್ಕೂ ಇಂಗ್ಲಿಷಿನಲ್ಲಿ ಬೆಂಕಿಯನ್ನು ಬ್ಯಾಂಕ್ ಮಾಡುವುದು ಅನ್ನುತ್ತಾರೆ. ನಮ್ಮಜ್ಜಿ ದಿನಾ ರಾತ್ರಿ ಮಾಡುತ್ತಿದ್ದ ಕೆಲಸ ಇದು. ಬೆಳಗ್ಗೆ ಬೂದಿ ಸರಿಸಿ, ಊದುಕೊಳವೆಯಲ್ಲಿ ಊದಿದರೆ ಒಲೆ ಉರಿಯುತ್ತಿತ್ತು. "ಬೂದಿ ಮುಚ್ಚಿದ ಕೆಂಡ" ಅಂತ ನಾವು ಈಗಲೂ ಅನ್ನುತ್ತೇವೆ. ಈ ಬ್ಯಾಂಕಿಗೆ ಕನ್ನಡ ಹುಡುಕುವವರು ದುಡ್ಡಿನ ಕಡೆ ನೋಡಿದರೆ ಏನು ಸಿಗುತ್ತದೆ? ಒಲೆಯ ಕಡೆ ನೋಡಬೇಕು.

ಮೂರನೆಯವನದು ಸುತ್ತುಬಳಸಿನ ದಾರಿ. ಜರ್ಮಾನಿಕ್ ಭಾಷೆಯಾಡುವ ಜನರಿಂದ ಕೂರುವ ಹಲಗೆಯ ಪದ ಇಟಲಿಗೆ ಹೋಯಿತು. ಅಲ್ಲಿ ಬಾಂಕಾ, ಬಾಂಕೋ ಆಯಿತು. ಇಟಲಿಯ ವ್ಯಾಪಾರದ ಊರುಗಳಲ್ಲಿ ನಾಣ್ಯ ಬದಲಾಯಿಸುವವರು ಸಂತೆಯಲ್ಲಿ ಒಂದು ಮೇಜು ಹಾಕಿ ಕೂರುತ್ತಿದ್ದರು. ಆ ಮೇಜೇ ಬಾಂಕೋ. ಬರಬರುತ್ತಾ ಮೇಜಿನ ಹೆಸರು ಕಸುಬಿಗೆ ಬಂತು, ಆಮೇಲೆ ಸಂಸ್ಥೆಗೆ ಬಂತು. ಸಿಯೆನಾ ಊರಿನ ಮೋಂತೆ ದೇಯ್ ಪಾಸ್ಕಿ ಬ್ಯಾಂಕಿನ ಹುಟ್ಟು 1472. ಈಗಲೂ ನಡೆಯುತ್ತಿರುವ ಬ್ಯಾಂಕುಗಳಲ್ಲಿ ಅದೇ ಹಳೆಯದು ಅನ್ನುತ್ತಾರೆ. ಇಟಲಿಯಿಂದ ಫ್ರಾನ್ಸಿಗೆ, ಅಲ್ಲಿಂದ ಇಂಗ್ಲೆಂಡಿಗೆ ಈ ಬ್ಯಾಂಕು ಬಂದದ್ದು ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ. ಬರುವಷ್ಟರಲ್ಲಿ ದಿಬ್ಬದ ಬ್ಯಾಂಕು ಅಲ್ಲಿ ಮುನ್ನೂರು ವರ್ಷದ ಹಿಂದೆಯೇ ಮನೆ ಮಾಡಿತ್ತು. ದೂರದ ದಾಯಾದಿಗಳು ಒಂದೇ ಹೆಸರಲ್ಲಿ ಒಂದೇ ಊರಲ್ಲಿ ಸೇರಿದ ಹಾಗೆ.

ಗ್ರೀಕರೂ ಇದೇ ಜಾಡಿನಲ್ಲಿ ನಡೆದವರು. ಅವರ ಭಾಷೆಯಲ್ಲಿ ಇವತ್ತಿಗೂ ಬ್ಯಾಂಕಿಗೆ ತ್ರಾಪೆಜಾ ಅನ್ನುತ್ತಾರೆ. ಅದರ ಮೂಲ ಅರ್ಥ ಮೇಜು. ಇಟಲಿಯ ಆ ಮೇಜಿನಿಂದ ಇನ್ನೂ ಕೆಲವು ಪದ ಹುಟ್ಟಿವೆ. ಬೆಂಗಳೂರಿನ ಮದುವೆಗಳು ನಡೆಯುವ ಬ್ಯಾಂಕ್ವೆಟ್ ಹಾಲ್‌ನ ಬ್ಯಾಂಕ್ವೆಟ್ ಮೂಲದಲ್ಲಿ ಪುಟ್ಟ ಬೆಂಚು. ದಿವಾಳಿಗೆ ಇಂಗ್ಲಿಷಿನಲ್ಲಿ ಬ್ಯಾಂಕ್ರಪ್ಟ್ ಅನ್ನುತ್ತಾರಲ್ಲ, ಅದು ಇಟಲಿಯ ಬಾಂಕಾ ರೊಟ್ಟಾ, ಅಂದರೆ ಮುರಿದ ಮೇಜು. ಕನ್ನಡದಲ್ಲಿ ದಿವಾಳಿ ಇದೆ, ಜೊತೆಗೆ ಪಾಪರ್ ಕೂಡ ಇದೆ. "ಪಾಪರ್ ಆಗೋದ" ಅನ್ನುವಾಗ ಅದು ಬಡವ ಎಂಬ ಅರ್ಥದ ಇಂಗ್ಲಿಷ್ ಪದ ಅಂತ ನೆನಪೇ ಆಗುವುದಿಲ್ಲ. ಅಷ್ಟು ನಮ್ಮದಾಗಿದೆ.

ಬೆಂಚು ಕೂಡ ಸುಮ್ಮನೆ ಕೂತಿಲ್ಲ. ನ್ಯಾಯಾಧೀಶರು ಕೂರುವ ಬೆಂಚು ನ್ಯಾಯಾಲಯವೇ ಆಯಿತು. ಕನ್ನಡ ಇಲ್ಲಿ ಜಾಣತನ ತೋರಿದೆ. ಹೈಕೋರ್ಟಿನ ಧಾರವಾಡ, ಕಲಬುರಗಿ ಬೆಂಚುಗಳಿಗೆ ನಾವು ಪೀಠ ಅನ್ನುತ್ತೇವೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಪೀಠಗಳಾದವು. ಪೀಠ ಅಂದರೂ ಕೂರುವ ಜಾಗವೇ. ಕ್ರಿಕೆಟ್ಟಿನಲ್ಲಿ ಆಡದೆ ಕೂತವನು ಬೆಂಚು ಕಾಯಿಸುತ್ತಾನೆ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಇಲ್ಲದ ಹುಡುಗಿ "ಬೆಂಚಲ್ಲಿದೀನಿ" ಅಂತ ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ದನಿ ಸಣ್ಣಗಾಗುತ್ತದೆ. ಆ ಅಮ್ಮನಿಗೆ ಶಾಲೆಯ ಬೆಂಚು ಗೊತ್ತು, ಈ ಬೆಂಚು ಗೊತ್ತಿಲ್ಲ.

ಇಷ್ಟೆಲ್ಲ ಓದುತ್ತಿರುವಾಗ ನನ್ನ ತಲೆಯಲ್ಲಿ ಒಂದು ಕನ್ನಡ ಪದ ಸುಳಿಯುತ್ತಲೇ ಇತ್ತು. ಕಟ್ಟೆ.

ಯೋಚಿಸಿ ನೋಡಿ. ಕಟ್ಟೆ ಅಂದರೆ ನೀರಿಗೆ ಅಡ್ಡ ಕಟ್ಟಿದ ಒಡ್ಡು. ನಮ್ಮ ಕಡೆ ಕೃಷ್ಣರಾಜಸಾಗರವನ್ನು ಹಳಬರು ಈಗಲೂ ಕನ್ನಂಬಾಡಿ ಕಟ್ಟೆ ಅನ್ನುತ್ತಾರೆ. ಕಟ್ಟೆ ಅಂದರೆ ಕೂರುವ ಜಾಗ ಕೂಡ. ಅರಳಿಕಟ್ಟೆ, ಜಗಲಿಕಟ್ಟೆ. ಅದೇ ಅರಳಿಕಟ್ಟೆಯ ಮೇಲೆ ಊರಿನ ಹಿರಿಯರು ನ್ಯಾಯ ಹೇಳಿದರೆ ಪಂಚಾಯ್ತಿ ಕಟ್ಟೆ, ನ್ಯಾಯದ ಕಟ್ಟೆ. ಬೆಂಗಳೂರಿನಲ್ಲಿ ಸುಂಕದಕಟ್ಟೆ ಇದೆ. ಹೆಸರೇ ಹೇಳುವಂತೆ ಸುಂಕದ ಹಣಕ್ಕೂ ಒಂದು ಕಟ್ಟೆ. ನೀರಿನ ಒಡ್ಡು, ಕೂರುವ ಜಾಗ, ನ್ಯಾಯಪೀಠ, ಹಣ ಎಣಿಸುವ ಜಾಗ. ಇಂಗ್ಲಿಷಿನಲ್ಲಿ ಬ್ಯಾಂಕು ಬೆಂಚುಗಳ ಮಧ್ಯೆ ಹಂಚಿಹೋದ ಅರ್ಥಗಳನ್ನೆಲ್ಲ ಕನ್ನಡದ ಒಂದೇ ಪದ ಹೊತ್ತು ನಿಂತಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲೂ ಒಡ್ಡು ಮತ್ತು ಕೂರುವ ಜಾಗ ಎರಡೂ ಅರ್ಥ ಒಂದೇ ನಮೂದಿನಲ್ಲಿವೆ.

ಇವೆರಡು ಪದಗಳಿಗೆ ನಂಟಿಲ್ಲ, ಅದು ಸ್ಪಷ್ಟ ಇರಲಿ. ಕಟ್ಟೆ ನಮ್ಮ ಕಟ್ಟು ಎಂಬ ಬೇರಿನಿಂದ ಬಂದದ್ದು. ಆದರೆ ಎರಡೂ ಕಡೆಯ ಮನುಷ್ಯರು ಮಾಡಿದ್ದು ಒಂದೇ ಕೆಲಸ. ಮಣ್ಣು ಏರಿಸಿದರು, ಅದರ ಮೇಲೆ ಕೂತರು, ಕೂತು ನ್ಯಾಯ ಹೇಳಿದರು, ಲೆಕ್ಕ ಎಣಿಸಿದರು. ಕಟ್ಟು ಎಂಬ ಬೇರು ಇನ್ನೂ ಮುಂದೆ ಹೋಗುತ್ತದೆ. ಫೀಸು ಕಟ್ಟಿದೆ, ಕಂತು ಕಟ್ಟಬೇಕು, ಬ್ಯಾಂಕಿಗೆ ದುಡ್ಡು ಕಟ್ಟಿ ಬಂದೆ. ಕೆರೆಗೆ ಏರಿ ಕಟ್ಟುವುದೂ ಬ್ಯಾಂಕಿಗೆ ಸಾಲ ಕಟ್ಟುವುದೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ತಾಳ್ಮೆ ಮೀರಿದರೆ ಸಹನೆಯ ಕಟ್ಟೆ ಒಡೆಯಿತು ಅನ್ನುತ್ತೇವೆ. ಇಟಲಿಯ ವ್ಯಾಪಾರಿಗೆ ಮೇಜು ಮುರಿಯಿತು, ನಮಗೆ ಕಟ್ಟೆ ಒಡೆಯಿತು.

ಹಾಗಂತ ಹಣದ ಬ್ಯಾಂಕನ್ನು ಕಟ್ಟೆ ಅಂತ ಕರೆಯೋಣ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕು ಪೂರ್ತಿ ಕನ್ನಡದ ಪದ. ಬ್ಯಾಂಕಿಗೆ, ಬ್ಯಾಂಕಿನಲ್ಲಿ, ಬ್ಯಾಂಕಿನವರು, ಎಲ್ಲ ವಿಭಕ್ತಿಯೂ ಅದಕ್ಕೆ ಒಗ್ಗಿದೆ. ಒಗ್ಗದೆ ಇರುತ್ತದೆಯೇ? ಕರಾವಳಿಯ ಎರಡು ಜಿಲ್ಲೆ ಇಡೀ ದೇಶಕ್ಕೆ ಬ್ಯಾಂಕು ಕಟ್ಟುವುದನ್ನು ಕಲಿಸಿದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಶುರು ಮಾಡಿದ ಸಂಸ್ಥೆಗೆ ಮೊದಲ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು. ಸಿಂಡಿಕೇಟ್‌ನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರು ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಇಟಲಿಯಲ್ಲಿ ಸಂತೆಯ ಮೇಜಿನ ಮೇಲೆ ಹುಟ್ಟಿದ ಕಸುಬು ನಮ್ಮ ಜಗಲಿಕಟ್ಟೆಗೆ ಬಂದು ಕೂತಿತು. ಇಂಥ ಪದಕ್ಕೆ ಸಂಸ್ಕೃತದ ವೇಷ ಹಾಕುವ ಅಗತ್ಯ ಏನೂ ಇಲ್ಲ.

ಇನ್ನೂ ಒಂದು ಬ್ಯಾಂಕು ನಮ್ಮ ನೆಲದಿಂದಲೇ ಇಂಗ್ಲಿಷಿಗೆ ಹೋಗಿದೆ. ವೋಟ್ ಬ್ಯಾಂಕ್. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ 1948ರಲ್ಲಿ ಇದ್ದು ಅಧ್ಯಯನ ಮಾಡಿದರು. ತಮ್ಮ ಬರಹಗಳಲ್ಲಿ ಅದನ್ನು ರಾಂಪುರ ಅಂತ ಕರೆದರು. ಮೈಸೂರು ಹಳ್ಳಿಯ ಸಮಾಜದ ಬಗ್ಗೆ 1955ರಲ್ಲಿ ಬಂದ ಅವರ ಪ್ರಬಂಧದಲ್ಲಿ ಈ ಪದ ಬರುತ್ತದೆ. ಅಲ್ಲಿ ಅದರ ಅರ್ಥ ಇವತ್ತಿನದ್ದಲ್ಲ. ಊರಿನ ಪಟೇಲ, ಜಮೀನ್ದಾರನಂಥ ದೊಡ್ಡ ಕುಳದ ಹಿಂದೆ ಅವನ ಗೇಣಿದಾರರು, ಆಳುಗಳು, ಸಾಲ ಪಡೆದವರು ಇರುತ್ತಾರೆ. ಅವರ ಮತಗಳು ಅವನ ಕೈಯಲ್ಲಿ ಠೇವಣಿ ಇದ್ದ ಹಾಗೆ. ರಾಜಕಾರಣಿ ಅವನೊಬ್ಬನನ್ನು ಹಿಡಿದರೆ ಸಾಕಾಗಿತ್ತು. ಇವತ್ತು ನಾವು ವೋಟ್ ಬ್ಯಾಂಕ್ ಅನ್ನುವುದು ಒಟ್ಟಾಗಿ ಮತ ಹಾಕುತ್ತದೆ ಎಂದು ಭಾವಿಸುವ ಇಡೀ ಜಾತಿ ಅಥವಾ ಧರ್ಮದ ಜನರನ್ನು. ಮೊದಲು ಬ್ಯಾಂಕು ಅಂದರೆ ಮತ ಇಟ್ಟುಕೊಂಡ ಧಣಿ. ಈಗ ಮತ ಹಾಕುವ ಜನವೇ ಬ್ಯಾಂಕು. ತಪ್ಪು ಹೊರಿಸುವ ಬೆರಳು ಬಲ್ಲಿದನಿಂದ ಬಡವನ ಕಡೆ ತಿರುಗಿತು. ಪದ ಬದಲಾಗಲಿಲ್ಲ, ಹಾಗಾಗಿ ಅರ್ಥ ಬದಲಾದದ್ದು ಯಾರ ಗಮನಕ್ಕೂ ಬರಲಿಲ್ಲ. ಇದು ನನಗೆ ಸಣ್ಣ ಸಂಗತಿ ಅನ್ನಿಸುವುದಿಲ್ಲ. ಆ ಬಡವನೂ ಆ ಧಣಿಯೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕುವ ಜಾಗಕ್ಕೆ ಕನ್ನಡದ ಹೆಸರು ಮತಗಟ್ಟೆ. ಅಲ್ಲೂ ಒಂದು ಕಟ್ಟೆ.

ರಕ್ತದ ಬ್ಯಾಂಕಿನ ಕಥೆ ಚಿಕ್ಕದು. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯರು ರಕ್ತ ಕೂಡಿಡುವ ವ್ಯವಸ್ಥೆಗೆ ಆ ಹೆಸರಿಟ್ಟರು. ಕನ್ನಡದಲ್ಲಿ ರಕ್ತನಿಧಿ ಅನ್ನುತ್ತೇವೆ. ಒಳ್ಳೆಯ ಪದ, ಕೇಳಿದ ಕೂಡಲೇ ತಿಳಿಯುತ್ತದೆ. ಭಾರತದ ನಿಯಮಗಳಲ್ಲಿ 2020ರಲ್ಲಿ ಬ್ಲಡ್ ಬ್ಯಾಂಕ್ ಹೋಗಿ ಬ್ಲಡ್ ಸೆಂಟರ್ ಬಂತು. ರಕ್ತನಿಧಿ ಮಾತ್ರ ಹಾಗೇ ಇದೆ.

ಈಗ ಇದೆಲ್ಲ ಯಾಕೆ ಮುಖ್ಯ ಅಂದರೆ, ಅನುವಾದದ ಕೆಲಸ ಮನುಷ್ಯರ ಕೈಯಿಂದ ಯಂತ್ರದ ಕೈಗೆ ಜಾರುತ್ತಿದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರ್ಕಾರದ ಅನುವಾದ ವೇದಿಕೆ ಭಾಷಿಣಿ ಬಂದದ್ದು 2022ರಲ್ಲಿ. ನಾವು ಕೇಳದಿದ್ದರೂ ಫೋನು ತಾನೇ ಅನುವಾದ ಮಾಡಿ ತೋರಿಸುವ ಕಾಲ ಇದು.

ಒಂದೇ ಪದಕ್ಕೆ ಹಲವು ಅರ್ಥ ಇರುವುದು ಯಂತ್ರ ಅನುವಾದಕ್ಕೆ ಮೊದಲ ದಿನದಿಂದಲೂ ತಲೆನೋವು. 1949ರಲ್ಲಿ ವಾರೆನ್ ವೀವರ್ ಎಂಬ ಅಮೆರಿಕದ ವಿಜ್ಞಾನಿ ಒಂದು ಉಪಾಯ ಹೇಳಿದರು. ಪದವನ್ನು ಒಂಟಿಯಾಗಿ ನೋಡಬೇಡಿ, ಅದರ ಆಚೀಚೆ ಇರುವ ಪದಗಳನ್ನೂ ನೋಡಿ, ಅರ್ಥ ತಾನೇ ತಿಳಿಯುತ್ತದೆ ಎಂದು. ಇವತ್ತಿನ ಯಂತ್ರಗಳು ಮಾಡುವುದೂ ಬಹುತೇಕ ಅದನ್ನೇ, ತುಂಬ ದೊಡ್ಡ ಪ್ರಮಾಣದಲ್ಲಿ. 2017ರಲ್ಲಿ ಗೂಗಲ್‌ನ ಸಂಶೋಧಕರು ಭಾಷೆ ಕಲಿಯುವ ಯಂತ್ರಗಳಿಗೆ ಟ್ರಾನ್ಸ್‌ಫಾರ್ಮರ್ ಎಂಬ ಹೊಸ ರಚನೆ ತಂದಾಗ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಜನರಿಗೆ ವಿವರಿಸಲು ಆರಿಸಿಕೊಂಡ ಪದ ಯಾವುದು ಗೊತ್ತಾ? ಬ್ಯಾಂಕ್. ಬೀದಿ ದಾಟಿ ಬ್ಯಾಂಕ್ ತಲುಪಿದರೆ ಒಂದರ್ಥ, ನದಿ ದಾಟಿ ಬ್ಯಾಂಕ್ ತಲುಪಿದರೆ ಇನ್ನೊಂದರ್ಥ. ನದಿ ಎಂಬ ಪದದ ಕಡೆ ಗಮನ ಹರಿಸಿದರೆ ಯಂತ್ರಕ್ಕೆ ದಂಡೆ ಹೊಳೆಯುತ್ತದೆ.

ಆದರೆ ಸುದ್ದಿಯ ತಲೆಬರಹದಲ್ಲಿ ನದಿ ಇರುವುದಿಲ್ಲ. ಫೋಟೋದ ಅಡಿಬರಹದಲ್ಲಿ ಇರುವುದಿಲ್ಲ. ನಾಲ್ಕೇ ಪದದ ಸಾಲಿನಲ್ಲಿ ಯಂತ್ರ ಜಾಸ್ತಿ ಕಂಡಿರುವ ಅರ್ಥದ ಕಡೆಗೇ ವಾಲುತ್ತದೆ. ಕನ್ನಡದಲ್ಲಿ ಅದು ಏನು ಕಂಡಿದೆ ಅನ್ನುವುದನ್ನು ನಾವು ಬರೆದಿಟ್ಟದ್ದೇ ತೀರ್ಮಾನಿಸುತ್ತದೆ. ನಾವು ವೆಸ್ಟ್ ಬ್ಯಾಂಕ್ ಅಂತ ಬರೆದರೆ ಯಂತ್ರ ಅದನ್ನೇ ಕಲಿಯುತ್ತದೆ. ಎಡದಂಡೆ ನಾಲೆ ಎಂಬ ಮಾತು ರೈತರ ಬಾಯಲ್ಲೇ ಉಳಿದು ಅಂತರ್ಜಾಲದ ಕನ್ನಡಕ್ಕೆ ಬಾರದಿದ್ದರೆ, ಯಂತ್ರದ ಪಾಲಿಗೆ ದಂಡೆ ಇಲ್ಲವೇ ಇಲ್ಲ. ಇಂಗ್ಲಿಷಿಗೆ ಹೋಲಿಸಿದರೆ ಜಾಲದಲ್ಲಿ ಕನ್ನಡ ಬಹಳ ಕಡಿಮೆ. ಕಡಿಮೆ ಇರುವ ಕಡೆ ಒಂದೊಂದು ತಪ್ಪಿನ ಭಾರವೂ ಹೆಚ್ಚು.

ಯಂತ್ರದ ತಪ್ಪು ಎಲ್ಲಿಗೆ ಮುಟ್ಟಬಹುದು ಅಂತ 2025ರ ಜುಲೈನಲ್ಲಿ ಎಲ್ಲರೂ ನೋಡಿದೆವು. ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಸಂತಾಪ ಬರೆದರು. ಫೇಸ್‌ಬುಕ್‌ನ ಸ್ವಯಂ ಅನುವಾದ ಅದನ್ನು ಇಂಗ್ಲಿಷಿಗೆ ತರುವಾಗ, ತೀರಿಕೊಂಡದ್ದು ಮುಖ್ಯಮಂತ್ರಿಯೇ ಅನ್ನುವಂತೆ ಮಾಡಿತು. ಮುಖ್ಯಮಂತ್ರಿ ಕಚೇರಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಗೆ ಪತ್ರ ಬರೆಯಿತು, ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಯ ವಿಷಯ ಆದ್ದರಿಂದ ಒಂದೆರಡು ದಿನದಲ್ಲಿ ಸರಿಯಾಯಿತು. ದೂರದ ಒಂದು ನದಿಯ ದಂಡೆಯ ಜನರ ಬಗ್ಗೆ ತಪ್ಪು ತಿಳಿವಳಿಕೆ ಹರಡಿದರೆ ಪತ್ರ ಬರೆಯುವವರು ಯಾರು?

ಆದ್ದರಿಂದ ಸುದ್ದಿಮನೆಗಳಲ್ಲಿ, ಪಠ್ಯ ಬರೆಯುವವರಲ್ಲಿ, ಅನುವಾದದ ತಂತ್ರಾಂಶ ಕಟ್ಟುವ ಕನ್ನಡದ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಪದಪಟ್ಟಿ ಮಾಡುವಾಗ ಇಂಗ್ಲಿಷ್ ಪದಕ್ಕೊಂದು ಕನ್ನಡ ಪದ ಅಂತ ಮಾಡಬೇಡಿ. ಅರ್ಥಕ್ಕೊಂದು ಪದ ಅಂತ ಮಾಡಿ. ಹಣಕ್ಕೆ ಬ್ಯಾಂಕು. ನದಿಗೆ ದಂಡೆ, ದಡ. ಕೆರೆಗೆ ಏರಿ. ರಕ್ತಕ್ಕೆ ನಿಧಿ. ಒಲೆಗೆ ಬೂದಿ ಮುಚ್ಚುವುದು. ಸ್ವಿಚ್ಚುಗಳದ್ದಾದರೆ ಸುಮ್ನೆ ಸಾಲು ಅಂದರೆ ಸಾಕು.

ಆ ಸಂಜೆ ಅತ್ತೆಗೆ ಇಷ್ಟೆಲ್ಲ ಹೇಳಲಿಲ್ಲ. ಜಗಲಿಕಟ್ಟೆಯ ಮೇಲೆ ಕೂತು, "ಅದು ದುಡ್ಡಿನ ಬ್ಯಾಂಕಲ್ಲ ಅತ್ತೆ, ಜೋರ್ಡನ್ ಅಂತ ಒಂದು ಹೊಳೆ ಇದೆ, ಅದರ ಪಶ್ಚಿಮದ ದಂಡೆ" ಅಂದೆ.

"ಓ, ದಂಡೆನಾ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಪ್ರಶ್ನೆಗಳೇ ಬೇರೆಯಾದವು. "ಏನು ಬೆಳೀತಾರೆ ಅಲ್ಲಿ?"

ಆಲಿವ್ ಅಂತ ಒಂದು ಮರ, ಅದರ ಕಾಯಿಂದ ಎಣ್ಣೆ ತೆಗೀತಾರೆ, ಅಕ್ಟೋಬರ್ ನವೆಂಬರ್‌ನಲ್ಲಿ ಮನೆಮಂದಿಯೆಲ್ಲ ಸೇರಿ ಕಾಯಿ ಬಿಡಿಸ್ತಾರೆ ಅಂದೆ.

"ಹೊಳೆ ಪಕ್ಕದಲ್ಲೇ ಇದೆ ಅಂದೆಯಲ್ಲ. ಆ ನೀರು ಅವರಿಗೆ ಸಿಗುತ್ತಾ?"

1967ರಿಂದ ಆ ದಂಡೆಯ ಪ್ಯಾಲೆಸ್ಟೀನ್ ಜನರಿಗೆ ಜೋರ್ಡನ್ ಹೊಳೆಯ ನೀರು ಸಿಕ್ಕಿಲ್ಲ ಅಂತ ಹೇಳಿದೆ. ಕಾವೇರಿ ನೀರಿಗಾಗಿ ರಸ್ತೆಗಿಳಿದ ಊರಿನ ಹೆಂಗಸು ಅವರು. ಪೇಪರನ್ನು ಮತ್ತೆ ಕೈಗೆತ್ತಿಕೊಂಡು, ಕನ್ನಡಕ ಹಾಕಿಕೊಂಡು, ಆ ಸುದ್ದಿಯನ್ನು ಮೊದಲಿಂದ ಓದಲು ಶುರು ಮಾಡಿದರು.